ಗೋಡೆಯ ಮೇಲಣ ಹಿರಿಯರು

ಬಸವಣ್ಣನವರ ಭಾವಚಿತ್ರವಿಲ್ಲದ ಪಡಸಾಲೆ ನಮ್ಮ ಸಮಾಜದಲ್ಲಿ ಅಪರೂಪ. ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಅದರ ಪಕ್ಕದಲ್ಲಿಯೇ ಸುತ್ತೂರು ಶ್ರೀಮಠದ ಲಿಂಗೈಕ್ಯ ಡಾ. ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರ ಚಿತ್ರವೂ, ತಾತ-ಅಜ್ಜಿಯರ ಮಾಸಿದ ಫೋಟೋವೂ ಇರುತ್ತವೆ. 2024ರ ಜನವರಿ 18ರಂದು ರಾಜ್ಯ ಸಚಿವ ಸಂಪುಟವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಲು ತೀರ್ಮಾನಿಸಿದ ಬಳಿಕ ಅವರ ಭಾವಚಿತ್ರ ಸರ್ಕಾರಿ ಕಚೇರಿಗಳ ಗೋಡೆಗಳನ್ನೂ ಅಲಂಕರಿಸಿತು.

ಚಿತ್ರಗಳ ನಂಟು ಮೈಸೂರಿಗೆ ಹೊಸದಲ್ಲ. ರಾಜಾ ರವಿವರ್ಮರ ತೈಲಚಿತ್ರಗಳು ಜಗನ್ಮೋಹನ ಅರಮನೆಯಲ್ಲಿವೆ. ಬಟ್ಟೆಯ ಮೇಲಿನ ಇಂಥ ಚಿತ್ರಗಳು ಅರಸರ ಸೊತ್ತಾಗಿದ್ದ ಕಾಲದಲ್ಲಿ, 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಮುದ್ರಣಾಲಯವು ಅವನ್ನು ಕಾಗದದ ಮೇಲೆ ಅಚ್ಚು ಮಾಡಿ ಬಡವರ ಮನೆಗೂ ತಲುಪಿಸಿತು. ಇಂದು ಈ ಕ್ರಮ ತಿರುವುಮುರುವಾಗಿದೆ. ಕಾಗದದ ಹಳೆಯ ಫೋಟೋವನ್ನು ಡಿಜಿಟಲ್ ಯಂತ್ರದಿಂದ ಕ್ಯಾನ್ವಾಸ್ ಬಟ್ಟೆಯ ಮೇಲೆ ದೊಡ್ಡದಾಗಿ ಮುದ್ರಿಸಿಕೊಳ್ಳುವ ಅನುಕೂಲ ಸಾಮಾನ್ಯರಿಗೂ ಒದಗಿದೆ.

ಮುದ್ರಣ ಎಷ್ಟೇ ಅಂದವಾಗಿದ್ದರೂ ಅದರ ಆಯುಷ್ಯ ನಿಂತಿರುವುದು ಕಟ್ಟಿನ ಮೇಲೆ. ಮೊದಲು ಶಾಯಿ ಪೂರ್ತಿ ಒಣಗಬೇಕು. ಚಿತ್ರದ ಸುತ್ತಲೂ ಮಡಿಸಲು ಸಾಕಷ್ಟು ಅಂಚು ಬಿಡದಿದ್ದರೆ ಹಿರಿಯರ ಪೇಟದ ತುದಿಯೋ ಹೆಸರಿನ ಸಾಲೋ ಪಕ್ಕಕ್ಕೆ ಮಡಿಸಿಹೋಗುತ್ತದೆ. ಒಳಚೌಕಟ್ಟಿನ ಮರ ಚೆನ್ನಾಗಿ ಒಣಗಿದ್ದಾಗಿರಬೇಕು. ಹಸಿಮರ ಕ್ರಮೇಣ ತಿರುಚಿಕೊಂಡು ಚಿತ್ರವನ್ನೂ ತಿರುಚುತ್ತದೆ. ಎರಡು ಕರ್ಣಗಳ ಅಳತೆ ಸಮನಾಗಿದ್ದರೆ ಮೂಲೆಗಳು ನೇರವಾಗಿವೆಯೆಂದು ತಿಳಿಯಬಹುದು.

ಬಟ್ಟೆಯನ್ನು ಬಿಗಿಯುವಾಗ ಒಂದು ಮೂಲೆಯಿಂದ ಆರಂಭಿಸುವುದು ಸಲ್ಲದು. ಒಂದು ಬದಿಯ ನಡುವೆ ಪಿನ್ನು ಹೊಡೆದು, ಎದುರು ಬದಿಯ ನಡುವೆ ಇಕ್ಕಳದಿಂದ ಎಳೆದು ಹೊಡೆಯಬೇಕು. ಉಳಿದೆರಡು ಬದಿಗಳಿಗೂ ಹೀಗೆಯೇ ಮಾಡಿ, ನಡುವಿನಿಂದ ಮೂಲೆಗಳ ಕಡೆಗೆ ಸಾಗಬೇಕು. ಎಳೆತ ನಾಲ್ಕೂ ಕಡೆಗೆ ಸಮನಾಗಿ ಹಂಚಿಹೋಗುವುದರಿಂದ ಸುಕ್ಕು ಬೀಳುವುದಿಲ್ಲ, ಮುಖವೂ ವಕ್ರವಾಗುವುದಿಲ್ಲ. ಮಳೆಗಾಲದ ತೇವಕ್ಕೆ ಬಟ್ಟೆ ಸಡಿಲಗೊಂಡರೆ ಮತ್ತೆ ಬಿಗಿಮಾಡಲು, ಚೌಕಟ್ಟಿನ ಒಳಮೂಲೆಗಳಲ್ಲಿ ಸಣ್ಣ ಮರದ ಬೆಣೆಗಳಿಗೆ ಎಡೆಯಿರುವುದು ಒಳ್ಳೆಯದು.

ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ಮಾತುಂಟು. ಗಾಜಿನ ಕಟ್ಟಿದ್ದ ಕಾಲದಲ್ಲಿ ವಿಭೂತಿಯನ್ನು ಗಾಜಿನ ಮೇಲೆ ಧರಿಸಿ, ಮರುದಿನ ಒರೆಸುತ್ತಿದ್ದೆವು. ಕ್ಯಾನ್ವಾಸ್ ಚಿತ್ರಕ್ಕೆ ಸಾಮಾನ್ಯವಾಗಿ ಗಾಜು ಹಾಕುವುದಿಲ್ಲ. ಅದರ ಮೇಲೆ ಒದ್ದೆ ವಿಭೂತಿ ಹಚ್ಚಿದರೆ ನೂಲಿನ ಸಂದಿಗಳಲ್ಲಿ ಸೇರಿಕೊಳ್ಳುತ್ತದೆ. ಉಜ್ಜಿದರೆ ಬಣ್ಣವೂ ಕಿತ್ತುಬರುತ್ತದೆ. ನೀರು ಚಿಮುಕಿಸಿದ ಹೂಮಾಲೆ, ದೀಪದ ಹೊಗೆ, ನೇರ ಬಿಸಿಲು, ತೇವದ ಗೋಡೆ ಇವೂ ಚಿತ್ರಕ್ಕೆ ಹಾನಿಕರ. ಪೂಜೆಗೆ ಗಾಜಿನ ಕಟ್ಟಿನ ಚಿಕ್ಕ ಚಿತ್ರವನ್ನಿಟ್ಟು, ಕ್ಯಾನ್ವಾಸನ್ನು ದರ್ಶನಕ್ಕೆ ಮೀಸಲಿಡುವುದು ಲೇಸು. ಧೂಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ತೆಗೆದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಮೂಲ ಫೋಟೋ. ಎಷ್ಟೋ ಮನೆಗಳಲ್ಲಿ ಹಿರಿಯರ ಮುಖದ ಏಕೈಕ ಗುರುತು ಅದೇ. ದೊಡ್ಡ ಚಿತ್ರ ಬಂದಿತೆಂದು ಅದನ್ನು ಕಡೆಗಣಿಸಬಾರದು. ಮಳಿಗೆಯಲ್ಲಿ ಎದುರಿಗಿದ್ದು ಸ್ಕ್ಯಾನ್ ಮಾಡಿಸಿ, ಮೂಲವನ್ನು ಆಗಲೇ ಮರಳಿ ಪಡೆಯಿರಿ. ಅದರ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ತಿಳಿದಿದ್ದರೆ ಇಸವಿಯನ್ನು ಬರೆದಿಡಿ. ಹೆಸರು ಉಳಿಯದಿದ್ದರೆ, ಗೋಡೆಯ ಮೇಲಿನ ಆ ಮುಖ ಮೊಮ್ಮಕ್ಕಳಿಗೆ ಯಾರದೋ ಮುಖವಾಗಿಬಿಡುತ್ತದೆ.