ಮನೋರೋಗಿಯ ಮನೆಯವರು

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಅಧೀಕ್ಷಕರಾಗಿದ್ದ ಡಾ. ವಿದ್ಯಾಸಾಗರರು, ರೋಗಿಯನ್ನು ಎತ್ತರದ ಗೋಡೆಗಳೊಳಗೆ ಒಪ್ಪಿಸಿ ಬಂಧುಗಳು ಹೊರಟುಹೋಗುವ ಅಂದಿನ ರೂಢಿಯನ್ನು ಮುರಿದು, ಆಸ್ಪತ್ರೆಯ ಆವರಣದಲ್ಲಿಯೇ ಡೇರೆಗಳನ್ನು ಹಾಕಿಸಿ, ಮನೆಯವರೂ ರೋಗಿಯೊಡನೆ ಅಲ್ಲಿ ವಾಸಮಾಡುವಂತೆ ಏರ್ಪಾಡು ಮಾಡಿದರು. ಮನೆಯವರು ಚಿಕಿತ್ಸೆಯ ಅಂಗವೆಂಬ ಈ ತತ್ತ್ವ ಅನಂತರ ವೆಲ್ಲೂರಿನ ಆಸ್ಪತ್ರೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಬೇರೂರಿತು.

ಆದಾಗ್ಯೂ, ಶುಶ್ರೂಷೆಯ ಬಹುಪಾಲನ್ನು ಹೊತ್ತ ಈ ಬಂಧುಗಳ ಕ್ಷೇಮವನ್ನು ವಿಚಾರಿಸುವವರು ವಿರಳ. ಸ್ಕಿಜೋಫ್ರೇನಿಯಾದಂತಹ ಮನೋರೋಗವು ಬಹುಮಟ್ಟಿಗೆ ತಾರುಣ್ಯದಲ್ಲಿಯೇ ತಲೆದೋರುವುದರಿಂದ, ಮಗನ ದುಡಿಮೆಯನ್ನು ನೆಚ್ಚಿ ವಿಶ್ರಾಂತಿಯನ್ನು ಎದುರುನೋಡುತ್ತಿದ್ದ ತಂದೆತಾಯಿಗಳೇ ಅವನಿಗೆ ಹೊತ್ತುಹೊತ್ತಿಗೆ ಮಾತ್ರೆ ನುಂಗಿಸುತ್ತ, ಅವನು ನಿದ್ದೆಗೆಟ್ಟ ರಾತ್ರಿಗಳಲ್ಲಿ ತಾವೂ ಎಚ್ಚರವಿದ್ದು, ಬೆಳಗಾದರೆ ನೆರೆಹೊರೆಯವರಿಗೆ ಏನಾದರೊಂದು ಸಬೂಬು ಹೇಳುತ್ತ ವರ್ಷಗಳನ್ನು ನೂಕಬೇಕಾಗುತ್ತದೆ. ‘ಗಾಳಿ ಸೋಕಿದೆ’ ಎಂದು ದೇವಸ್ಥಾನ, ದರ್ಗಾ, ಮಂತ್ರವಾದಿಗಳ ಮನೆಗಳನ್ನು ಸುತ್ತಿ ಕೈ ಬರಿದಾದ ಮೇಲೆಯೇ ಎಷ್ಟೋ ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರಂತೂ ರೋಗದ ಹೆಸರೇ ಹೊರಬೀಳದು. ಇವೆಲ್ಲಕ್ಕಿಂತ ಮಿಗಿಲಾಗಿ ಅವರನ್ನು ಕೊರೆಯುವುದು, ‘ನಮ್ಮ ಕಾಲಾನಂತರ ಇವನ ಗತಿಯೇನು?’ ಎಂಬ ಚಿಂತೆ.

ಲಂಡನ್ನಿನ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಅವರ ಸಂಗಡಿಗರು, ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಗಳ ಸ್ಥಿತಿಯನ್ನು ಗಮನಿಸುತ್ತ ಹೋಗಿ, ಎಡೆಬಿಡದ ಆಕ್ಷೇಪಣೆ, ಹಗೆತನ, ಉಸಿರುಗಟ್ಟಿಸುವಷ್ಟು ಕಾಳಜಿ ತುಂಬಿದ ಮನೆಗಳಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಕಂಡುಕೊಂಡರು. ಇದನ್ನೇ ಹಿಡಿದುಕೊಂಡು ಮನೆಯವರ ಮೇಲೆ ದೋಷಾರೋಪಣೆ ಮಾಡಿದವರೂ ಉಂಟು. ಅದು ಅನ್ಯಾಯವೆಂದೇ ನನ್ನ ಮತ. ನೋಡುವವರಿಗೆ ಸೋಮಾರಿತನವೆಂದು ತೋರುವ ಜಡತ್ವವು ವಾಸ್ತವವಾಗಿ ರೋಗದ ಲಕ್ಷಣವೆಂಬುದನ್ನು ಯಾರೂ ತಿಳಿಸದಿದ್ದಾಗ, ಹಗಲೆಲ್ಲ ಹಾಸಿಗೆ ಬಿಟ್ಟೇಳದ ಮಗನನ್ನು ತಂದೆ ಗದರದೆ ಇನ್ನೇನು ಮಾಡಿಯಾನು? ಕುಟುಂಬದವರಿಗೆ ರೋಗದ ಸ್ವರೂಪವನ್ನೂ ನಿಭಾಯಿಸುವ ಕ್ರಮವನ್ನೂ ತಿಳಿಯಹೇಳಿದಲ್ಲಿ ಮರುಕಳಿಕೆ ತಗ್ಗುವುದೆಂಬುದು ಮುಂದಿನ ಅನೇಕ ಅಧ್ಯಯನಗಳಿಂದ ಸ್ಥಿರಪಟ್ಟಿದೆ. ಔಷಧದ ಚೀಟಿ ಬರೆದುಕೊಟ್ಟು ಕಳುಹಿಸುವ ವೈದ್ಯರು, ಮನೆಯವರೊಡನೆ ಕುಳಿತು ಮಾತನಾಡುವುದನ್ನೂ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸಿಕೊಳ್ಳತಕ್ಕದ್ದು.

ಮನೆಯವರಿಗೂ ನೆರವು ಬೇಕೆಂಬ ಮಾತನ್ನು ಕಾನೂನೂ ಒಪ್ಪಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ರೋಗಿಯ ಕುಟುಂಬಕ್ಕೆ ಬೆಂಬಲ ನೀಡುವ ಸೇವೆಗಳನ್ನೂ, ಆಸ್ಪತ್ರೆಗೂ ಮನೆಗೂ ನಡುವಣ ತಂಗುಮನೆಗಳನ್ನೂ ಸರಕಾರವು ಒದಗಿಸಬೇಕೆಂದು ವಿಧಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮನೋರೋಗವನ್ನೂ ಅಂಗವೈಕಲ್ಯವೆಂದು ಪರಿಗಣಿಸುತ್ತದೆ. ಕಾಗದದ ಮೇಲಿರುವುದೆಲ್ಲ ಊರಿಗೆ ಬಂದು ಮುಟ್ಟಿಲ್ಲವೆಂಬುದು ಬೇರೆ ಮಾತು. ಬೆಂಗಳೂರಿನಲ್ಲೇನೋ ರಿಚ್ಮಂಡ್ ಫೆಲೋಶಿಪ್‌ನಂತಹ ಪುನರ್ವಸತಿ ಸಂಸ್ಥೆಗಳೂ, ರೋಗಿಗಳ ಬಂಧುಗಳೇ ಕೂಡಿ ಕಟ್ಟಿಕೊಂಡ ಆಮೆಂಡ್ ಎಂಬ ಸಂಘವೂ ಉಂಟಾದುವು. ಆದರೆ ಹಳ್ಳಿಯ ತಾಯಿಗೆ ಅಷ್ಟು ದೂರದ ನೆರವು ಎಟುಕುವುದು ಕಷ್ಟ. ಅಂಥವರಿಗೂ ಎಟುಕುವಂಥದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ; ಅದರ ಸಂಖ್ಯೆ 14416. ಹಗಲುರಾತ್ರಿ ಉಚಿತವಾಗಿ ದೊರೆಯುವ ಈ ಸಲಹೆಯನ್ನು ಕನ್ನಡದಲ್ಲಿಯೇ ಪಡೆಯಬಹುದು, ರೋಗಿಯೇ ಏಕೆ, ಮನೆಯವರೂ ಕರೆಮಾಡಬಹುದು.

ಇನ್ನು ನೆಂಟರಿಷ್ಟರಲ್ಲಿ ಒಂದು ಬಿನ್ನಹ. ‘ಧೈರ್ಯವಾಗಿರಿ’ ಎಂಬ ಉಪದೇಶವನ್ನು ರೋಗಿಯ ಮನೆಯವರು ಸಾಕಷ್ಟು ಕೇಳಿದ್ದಾರೆ; ತಿಂಗಳಿಗೊಂದು ದಿನ ರೋಗಿಯ ಜೊತೆಗೆ ನೀವು ಕುಳಿತಿದ್ದು, ಆ ತಾಯಿಗೆ ತವರಿಗೆ ಹೋಗಿಬರುವಷ್ಟು ಬಿಡುವು ಮಾಡಿಕೊಡಿ.