ದೀಪ ಉರಿಯುತ್ತದೆ, ಕಾರು ಏಳುವುದಿಲ್ಲ!

ಬೆಳಗಿನ ಹೊತ್ತು ಮಡಿವಾಳದ ಹೊಸೂರು ರಸ್ತೆಯಲ್ಲಿ ಒಂದು ಕಾರು ನಿಂತರೆ ಸಾಕು, ಹಿಂದಿನಿಂದ ಹಾರನ್‌ಗಳ ಮೆರವಣಿಗೆ ಶುರು. ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ದೀಪ ಉರಿಯುತ್ತದೆ, ಎಂಜಿನ್ ಮಾತ್ರ ಅಲುಗದು. ‘ಬ್ಯಾಟರಿ ಹೋಗಿದೆ’ ಎನ್ನುತ್ತಾರೆ ಒಬ್ಬರು. ‘ಸೆಲ್ಫ್ ಮೋಟಾರ್ ಸುಟ್ಟಿದೆ’ ಎನ್ನುತ್ತಾರೆ ಇನ್ನೊಬ್ಬರು. ಎರಡನ್ನೂ ಬದಲಾಯಿಸಿದರೆ ಸಾವಿರಾರು ರೂಪಾಯಿ ಖರ್ಚು. ಆಮೇಲೂ ದೋಷ ಇದ್ದಲ್ಲೇ ಇರಬಹುದು! ಊಹಿಸುವ ಬದಲು ಅಳೆದು ನೋಡಲು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಶಾಲೆಯಲ್ಲಿ ಕಲಿತ ಓಮ್‌ನ ನಿಯಮ ಸಾಕು.

ಮೋಟಾರು ವಾಹನದ ವಿದ್ಯುತ್ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಸ್ಪಾರ್ಕ್ ಪ್ಲಗ್‌ಗಳಿಗೆ ಹೆಸರಾದ, 1951ರಲ್ಲಿ ಆರಂಭವಾದ ಮೈಕೋ ಕಂಪನಿಯ ಕಾರ್ಖಾನೆ ಇದ್ದದ್ದು ಮಡಿವಾಳದ ನೆರೆಯ ಆಡುಗೋಡಿಯಲ್ಲಿ. 2008ರಲ್ಲಿ ಆ ಕಂಪನಿ ‘ಬಾಷ್’ ಎಂಬ ಹೆಸರು ಪಡೆಯಿತು.

ನೂರು ಆಂಪಿಯರ್‌ನ ಹಸಿವು

ಹಿಂದೆ ಕೈಹಿಡಿ ತಿರುಗಿಸಿ ಕಾರನ್ನು ಎಬ್ಬಿಸಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಕಷ್ಟ ತಪ್ಪುತ್ತ ಬಂತು. ಎಂಜಿನ್ ತಿರುಗಿಸಲು ಈ ಮೋಟಾರಿಗೆ ಸುಮಾರು 100 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ ಬೇಕು. ಮುಂದಿನ ಎರಡು ದೀಪಗಳಿಗೆ 10 ಆಂಪಿಯರ್ ಸಾಕು.

ದೀಪ ಉರಿದರೂ ಕಾರು ಏಳದಿರುವ ಗುಟ್ಟು ಇಲ್ಲಿದೆ. ಬ್ಯಾಟರಿ ಟರ್ಮಿನಲ್‌ನಲ್ಲಿ ಕಿಲುಬು ಕಟ್ಟಿ 0.05 ಓಮ್ ರೋಧ ಉಂಟಾಗಿದೆ ಎನ್ನೋಣ. 10 ಆಂಪಿಯರ್ ಹರಿದಾಗ ಅಲ್ಲಿ ನಷ್ಟವಾಗುವುದು ಅರ್ಧ ವೋಲ್ಟ್. ದೀಪಕ್ಕೆ ಅದು ಲೆಕ್ಕಕ್ಕಿಲ್ಲ. 100 ಆಂಪಿಯರ್ ಹರಿಯಬೇಕಾದರೆ 5 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಉಳಿದ ವೋಲ್ಟೇಜಿನಲ್ಲಿ ಮೋಟಾರು ಹೇಗೆ ತಿರುಗೀತು?

ಅಳತೆಯ ಕ್ರಮ

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಡಬೇಕು, ಆಂಪಿಯರ್ ಅಳೆಯುವ ಸ್ಥಾನದಲ್ಲಿಟ್ಟರೆ ಮೀಟರೇ ಸುಟ್ಟೀತು. ಕೆಲವು ಗಂಟೆ ವಿಶ್ರಾಂತಿ ಪಡೆದ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟ್ ಆಸುಪಾಸಿದ್ದರೆ ಅದು ಬಹುತೇಕ ಖಾಲಿ. ಮೊದಲು ಚಾರ್ಜ್ ಮಾಡಿಸಬೇಕು.

ಬಳಿಕ ಇನ್ನೊಬ್ಬರಿಂದ ಕೀ ತಿರುಗಿಸಿ ಗಮನಿಸಿ. ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ. 12ರ ಮೇಲೆಯೇ ನಿಂತು ಮೋಟಾರು ತಿರುಗದಿದ್ದರೆ ಬ್ಯಾಟರಿಯದು ತಪ್ಪಲ್ಲ. ಸಾಕಷ್ಟು ವಿದ್ಯುತ್ ಮೋಟಾರಿನಲ್ಲಿ ಹರಿಯುತ್ತಲೇ ಇಲ್ಲ. ಈಗ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಸೀಸದ ಗುಬುಟಿಗೆ, ಇನ್ನೊಂದನ್ನು ಅದನ್ನು ಹಿಡಿದಿರುವ ಕ್ಲ್ಯಾಂಪಿಗೆ ಮುಟ್ಟಿಸಿ ಮತ್ತೆ ಕೀ ತಿರುಗಿಸಿ. ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟೋ ಹೆಚ್ಚೋ ಬಂದರೆ ಕಳ್ಳ ಸಿಕ್ಕಂತೆ! ಮೊದಲು ಋಣ ತಂತಿ ಬಿಚ್ಚಿ, ಬಿಸಿನೀರು–ಅಡುಗೆ ಸೋಡದಿಂದ ಕಿಲುಬು ತೊಳೆದು ಬಿಗಿದರೆ ಮುಗಿಯಿತು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ತಂತಿಗೂ ಇದೇ ಪರೀಕ್ಷೆ.

ಕೀಲಿಯೊಳಗಿನ ಚಿಪ್

ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ, ಅಥವಾ ಹತ್ತಿ ಒಂದೆರಡು ಸೆಕೆಂಡಿನಲ್ಲೇ ಆರಿದರೆ, ಡ್ಯಾಶ್‌ಬೋರ್ಡಿನ ಕೀ ಚಿತ್ರದ ದೀಪ ನೋಡಬೇಕು. ಅದು ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಲಿಯನ್ನು ಗುರುತಿಸಿಲ್ಲ ಎಂದರ್ಥ. ಕೆಲವು ಮಾದರಿಗಳಲ್ಲಿ ಅದು ಸ್ಟಾರ್ಟರನ್ನೂ ತಡೆಯುತ್ತದೆ.

ತಿರುಗಿಸುವ ಕೀಲಿಯ ಹಿಡಿಯಲ್ಲಿರುವ ಚಿಪ್‌ಗೆ ಬ್ಯಾಟರಿ ಬೇಡ. ಲಾಕಿನ ಸುತ್ತಲ ತಂತಿಸುರುಳಿಯ ಬದಲಾಗುವ ಕಾಂತಕ್ಷೇತ್ರ ಅದಕ್ಕೆ ಶಕ್ತಿ ಕೊಡುತ್ತದೆ. 1831ರಲ್ಲಿ ಫ್ಯಾರಡೆ ಕಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು! ಚಿಪ್ ಕಳಿಸಿದ ಸಂಕೇತ ತಾಳೆಯಾದರಷ್ಟೇ ಎಂಜಿನ್ನಿಗೆ ಅಪ್ಪಣೆ.

ಇಲ್ಲಿ ಪರೀಕ್ಷೆ ಇನ್ನೂ ಸರಳ. ಗೊಂಚಲಿನ ಬೇರೆ ಕೀಲಿಗಳನ್ನು ತೆಗೆದು ನೋಡಿ. ಆಮೇಲೆ ಮನೆಯಲ್ಲಿರುವ ಎರಡನೆಯ ಕೀ ಹಾಕಿ. ಅದರಿಂದ ಕಾರು ಎದ್ದರೆ ದೋಷ ಮೊದಲ ಕೀಲಿಯದು. ಎರಡೂ ಸೋತರೆ ಸುರುಳಿ, ತಂತಿ ಅಥವಾ ನಿಯಂತ್ರಕ ಘಟಕವನ್ನು ತಜ್ಞರು ನೋಡಬೇಕು. ಬ್ಯಾಟರಿ ಕುಗ್ಗಿದ್ದರೂ ಈ ಸೂಕ್ಷ್ಮ ಘಟಕ ತಡಬಡಾಯಿಸಬಹುದು. ಬ್ಯಾಟರಿಯಿಂದಲೇ ಪರೀಕ್ಷೆ ಆರಂಭಿಸುವುದು ಇದಕ್ಕಾಗಿ. ತಂತಿ ಕತ್ತರಿಸಿ ‘ಬೈಪಾಸ್’ ಮಾಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬಾರದು. ಅದು ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ.

ಬಿಡಿಭಾಗ ಬದಲಾಯಿಸಬೇಕೆಂದು ಗ್ಯಾರೇಜಿನವರು ಹೇಳಿದರೆ ಪೋಷಕರು ಒಂದೇ ಪ್ರಶ್ನೆ ಕೇಳಲಿ: ‘ಎಲ್ಲಿ ಅಳೆದಿರಿ, ಎಷ್ಟು ವೋಲ್ಟ್ ಬಂತು?’ ಆ ಉತ್ತರದ ಅರ್ಥವನ್ನು ಮನೆಯಲ್ಲಿರುವ ಹೈಸ್ಕೂಲು ವಿದ್ಯಾರ್ಥಿಯೇ ಬಿಡಿಸಿ ಹೇಳಬಲ್ಲ.