ಒಂದು ಎಕರೆಯಲ್ಲಿ ಎರಡು ಕರ್ನಾಟಕ

ತಾಳಿಕೋಟೆ ಸೀಮೆಯಲ್ಲಿ ಒಂದು ಎಕರೆ ಎರೆ ಹೊಲ. ಮೇಲಿನ ಒಂದಡಿ ಮಣ್ಣನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ತೂಕ ಸುಮಾರು 1,600 ಟನ್. ಅದರಲ್ಲಿ ಮೂರನೇ ಒಂದು ಪಾಲು ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಎಂದುಕೊಳ್ಳೋಣ. ಅದರ ಪದರಗಳನ್ನೆಲ್ಲ ಬಿಡಿಸಿ ಎರಡೂ ಮೈ ಅಳೆದರೆ ಸುಮಾರು 4 ಲಕ್ಷ ಚದರ ಕಿಲೋಮೀಟರ್! ಇಡೀ ಕರ್ನಾಟಕದ ವಿಸ್ತೀರ್ಣವೇ 1.92 ಲಕ್ಷ.

ಈ ಖನಿಜಕ್ಕೆ ಮೂಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದದ್ದು. ಅಟ್ಟಿ ಹಾಕಿದ ಖಡಕ್ ರೊಟ್ಟಿಯಂತೆ ಪದರದ ಮೇಲೆ ಪದರ. ಒಂದೊಂದರ ದಪ್ಪ 1 ನ್ಯಾನೊಮೀಟರ್. ಒಂದು ಮಿಲಿಮೀಟರ್ ಎತ್ತರಕ್ಕೆ ಸುಮಾರು 10 ಲಕ್ಷ ಪದರ ಬೇಕು. ಒಂದು ಗ್ರಾಂನಲ್ಲಿ 750 ಚದರ ಮೀಟರ್ ಮೈ. ಐದೂವರೆ ಗ್ರಾಂ ಸೇರಿದರೆ ಒಂದು ಎಕರೆ!

ಪದರಗಳ ಸಂದಿಗೆ ನೀರು ನುಗ್ಗಿದಾಗ ಎರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಪದರಗಳಿಗೆ ಋಣ ವಿದ್ಯುದಂಶವಿದೆ; ಅದನ್ನು ಸರಿದೂಗಿಸಲು ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಸಂದಿಯಲ್ಲಿ ಕೂತಿರುತ್ತವೆ. ಗಟ್ಟಿಯಾಗಿ ಬೇರೂರಿದವಲ್ಲ, ಎಬ್ಬಿಸಬಹುದು. ಒಂದು ಗ್ರಾಂನಲ್ಲಿ ಅಂಥ ಜಾಗ ಸುಮಾರು 60 ಲಕ್ಷ ಕೋಟಿ ಕೋಟಿ: ಆರರ ಮುಂದೆ ಇಪ್ಪತ್ತು ಸೊನ್ನೆ!

ರಸಾಯನ ವಿಜ್ಞಾನಿಗಳು ಅಲ್ಲಿ 16 ಇಂಗಾಲಗಳ ಉದ್ದ ಬಾಲದ ಅಮೋನಿಯಂ ಅಣುಗಳನ್ನು ಕೂರಿಸುತ್ತಾರೆ. ಗಾಯ ತೊಳೆಯುವ ಸೆಟ್ರಿಮೈಡ್ ಇದೇ ಕುಲದ್ದು. ಒಂದು ಗ್ರಾಂ ಜೇಡಿಗೆ ಗ್ರಾಂನ ಮೂರನೇ ಒಂದು ಭಾಗದಷ್ಟು ಸಾಕು. ಪದರದಿಂದ ಪದರಕ್ಕಿದ್ದ 1.2 ನ್ಯಾನೊಮೀಟರ್ ಅಂತರ 2ರ ಆಸುಪಾಸಿಗೆ ಏರುತ್ತದೆ. ಅಷ್ಟಕ್ಕೇ ಮಣ್ಣಿನ ಗುಣ ತಿರುವುಮುರುವು! ನೀರಿಗೆ ಹಾತೊರೆಯುತ್ತಿದ್ದದ್ದು ಎಣ್ಣೆಗೆ ಒಲಿಯುತ್ತದೆ. ಬಣ್ಣ, ಗ್ರೀಸ್ ಮಂದವಾಗಿಸಲು ಒದಗುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎಂ. ಈಶ್ವರಮೂರ್ತಿ ಅವರ ತಂಡ ದುಡಿದದ್ದು ಇನ್ನೊಂದು ಬಗೆಯ ಜೇಡಿಯ ಮೇಲೆ, ಅಮಿನೋಕ್ಲೇ. ಇದರಲ್ಲಿ ಸಾವಯವ ಗುಂಪುಗಳು ಬರಿದೇ ಕೂತಿರುವುದಿಲ್ಲ. ಮೆಗ್ನೀಸಿಯಂ ಪದರದ ಎರಡೂ ಮೈಗೆ ರಾಸಾಯನಿಕ ಬಂಧದಿಂದ ಬೆಸೆದಿರುತ್ತವೆ. ನೀರಿಗೆ ಹಾಕಿದರೆ ಪದರಗಳು ತಾವಾಗಿ ಬಿಡಿಬಿಡಿಯಾಗುತ್ತವೆ.

1980ರ ದಶಕದಲ್ಲಿ ಜಪಾನಿನ ಟೊಯೋಟಾ ಸಂಶೋಧಕರು ಸಂದಿಯಲ್ಲಿ ಸಾವಯವ ಅಣು ಕೂರಿಸಿದ ಮೊದಲ ಬಗೆಯ ಜೇಡಿಯನ್ನು ನೈಲಾನಿಗೆ ಬೆರೆಸಿದರು. ಬೆರೆಸಿದ್ದು 5%ಕ್ಕಿಂತ ಕಡಿಮೆ. ಭಾರ ಹೊತ್ತಾಗ 65 ಡಿಗ್ರಿ ಸೆಲ್ಸಿಯಸ್‌ಗೇ ಬಾಗುತ್ತಿದ್ದ ನೈಲಾನ್ 150 ಡಿಗ್ರಿವರೆಗೆ ತಡೆದುಕೊಂಡಿತು! ಇಷ್ಟು ಕಡಿಮೆ ಮಣ್ಣು ಅಷ್ಟು ಬಲ ಕೊಟ್ಟದ್ದು ಹೇಗೆ? ಮತ್ತೆ ಎಕರೆಯ ಲೆಕ್ಕ ಹಾಕಿ: ಒಂದು ಕಿಲೋ ನೈಲಾನ್ ಒಳಗೆ ಹರಡಿದ ಜೇಡಿ 50 ಗ್ರಾಂ ಕೂಡ ಇಲ್ಲ, ನೈಲಾನ್ ಹಿಡಿದುಕೊಳ್ಳಬಹುದಾದ ಅದರ ಮೈ ಮಾತ್ರ ಸುಮಾರು 9 ಎಕರೆ.